ಬಾಗಿಲಾಚೆ ಕೂತವರಿಗೂ ಒಂದು ಕೆಲಸ ಕೊಡಿ

ಡೆಂಗಿ ಬಂದ ಮಗುವಿನ ಅಪ್ಪ ಅಮ್ಮ ಹೆಚ್ಚು ಗಲಿಬಿಲಿಗೊಳ್ಳುವುದು ಜ್ವರ ಏರಿದ ದಿನವಲ್ಲ, ಇಳಿದ ದಿನ. ನಾಲ್ಕು ದಿನ ಕೆಂಡದಂತಿದ್ದ ಮೈ ಐದನೆಯ ಬೆಳಿಗ್ಗೆ ತಣ್ಣಗಾಗಿರುತ್ತದೆ. ಸದ್ಯ ಪಾರಾದೆವು ಎಂದು ಅಮ್ಮ ಫ್ಲಾಸ್ಕ್ ಹಿಡಿದು ಕಾಫಿ ತರಲು ಹೊರಟಿರುತ್ತಾಳೆ. ಅಷ್ಟರಲ್ಲಿ ರೌಂಡ್ಸಿಗೆ ಬಂದ ಡಾಕ್ಟರು ಮಗುವಿನ ಹೊಟ್ಟೆ ಒತ್ತಿ, ಅಂಗೈ ಮುಟ್ಟಿ, ನಾಡಿ ನೋಡಿ, ‘ಇವನನ್ನ ಎಚ್‌ಡಿಯುಗೆ ಶಿಫ್ಟ್ ಮಾಡೋಣ’ ಅನ್ನುತ್ತಾರೆ. ‘ಜ್ವರ ಬಿಟ್ಟಿದೆಯಲ್ಲ ಡಾಕ್ಟ್ರೇ?’ ಎಂದು ಕೇಳಿದ್ದಕ್ಕೆ ಉತ್ತರ ಸಿಗುವ ಮೊದಲೇ ಟ್ರಾಲಿ ಬಂದು ನಿಂತಿರುತ್ತದೆ.

ಉತ್ತರ ಇರುವುದು ಡೆಂಗಿಯ ನಡವಳಿಕೆಯಲ್ಲಿ. ಜ್ವರ ಶುರುವಾದ ಮೂರರಿಂದ ಏಳು ದಿನದೊಳಗೆ, ಮೈಬಿಸಿ ಇಳಿಯುವ ಹೊತ್ತಿಗೇ, ಕೆಲವು ಮಕ್ಕಳಲ್ಲಿ ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊಟ್ಟೆಗೂ ಎದೆಗೂಡಿಗೂ ಸೋರತೊಡಗುತ್ತದೆ. ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ. ಆಗ ರಕ್ತ ಗಟ್ಟಿಯಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಡ್ರಿಪ್ ಸಾಲದಿದ್ದರೆ ಮಗು ಶಾಕ್‌ಗೆ ಹೋಗಬಹುದು. ಹೆಚ್ಚಾದರೆ ಅದೇ ನೀರು ಶ್ವಾಸಕೋಶದ ಸುತ್ತ ತುಂಬಿ ಉಸಿರಾಟಕ್ಕೆ ಕುತ್ತು. ಗಂಟೆಗೊಮ್ಮೆ ನೋಡಿ ಡ್ರಿಪ್ಪಿನ ವೇಗ ತಿದ್ದುವವರು ಬೇಕು. ತುಂಬಿ ತುಳುಕುವ ಜನರಲ್ ವಾರ್ಡಿನಲ್ಲಿ ಅದು ಆಗುವ ಮಾತಲ್ಲ.

ಅದಕ್ಕೇ ಎಚ್‌ಡಿಯು, ಅಂದರೆ ಹೈ ಡಿಪೆಂಡೆನ್ಸಿ ಯೂನಿಟ್. ವಾರ್ಡಿಗೂ ಐಸಿಯುಗೂ ನಡುವಿನ ಜಾಗ. ಡೆಂಗಿಯ ಮಗುವಷ್ಟೇ ಅಲ್ಲದೆ, ಮೂಗಿನ ನಳಿಕೆಯಿಂದ ಬೆಚ್ಚಗಿನ ಆಮ್ಲಜನಕ ಪಡೆಯುತ್ತಿರುವ ಉಬ್ಬಸದ ಮಗು, ಫಿಟ್ಸ್ ಬಂದು ಈಗಷ್ಟೇ ನಿಂತ ಮಗು, ಸಕ್ಕರೆ ಏರುಪೇರಾಗಿ ಗಂಟೆಗಂಟೆಗೆ ರಕ್ತ ತೋರಿಸಬೇಕಾದ ಡಯಾಬಿಟಿಸ್ ಮಗು, ಐಸಿಯುನಿಂದ ಚೇತರಿಸಿಕೊಂಡು ಹೊರಬಂದ ಮಗು, ಎಲ್ಲರೂ ಇಲ್ಲಿರುತ್ತಾರೆ. ಬ್ರಿಟನ್ನಿನ ಮಾನದಂಡದ ಪ್ರಕಾರ ಇಂಥ ಘಟಕದಲ್ಲಿ ಎರಡು ಮಕ್ಕಳಿಗೆ ಒಬ್ಬ ನರ್ಸ್ ಇರಬೇಕು. ನಮ್ಮಲ್ಲಿ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಆದರೂ ವಾರ್ಡಿಗಿಂತ ಕಣ್ಗಾವಲು ಹೆಚ್ಚು ಎಂಬುದಂತೂ ನಿಜ. ಇಲ್ಲಿಗೆ ಸೇರಿಸಿದ್ದಾರೆ ಎಂದರೆ ಮಗು ಕೈಮೀರಿ ಹೋಗಿದೆ ಎಂದಲ್ಲ. ಮೀರುವ ಮೊದಲೇ ಗೊತ್ತಾಗಲಿ ಎಂದು. ಇಷ್ಟನ್ನು ಟ್ರಾಲಿ ತಳ್ಳುವ ಮೊದಲು ಎರಡು ನಿಮಿಷ ನಿಂತು ಹೇಳಿದರೆ ಆ ಮನೆಯವರ ಅರ್ಧ ಜೀವ ಉಳಿಯುತ್ತದೆ.

ಒಳಗೆ ಹೋದ ಮೇಲೆ ಮೊದಲು ಹೆದರಿಸುವುದು ಮಾನಿಟರ್. ಅಂಕಿಗಳು ಕುಣಿಯುತ್ತವೆ, ಅಲಾರಾಂ ಕೂಗುತ್ತದೆ, ಅಮ್ಮನ ಕಣ್ಣು ಮಗುವಿನ ಮುಖ ಬಿಟ್ಟು ಪರದೆಗೆ ಅಂಟಿಕೊಳ್ಳುತ್ತದೆ. ಹೆಚ್ಚಿನ ಅಲಾರಾಮುಗಳಿಗೆ ಕಾರಣ ಮಗು ಕೈ ಒದರಿದ್ದು, ಬೆರಳಿನ ಕ್ಲಿಪ್ ಸಡಿಲವಾದದ್ದು, ಜೋರಾಗಿ ಅತ್ತಿದ್ದು. ವರ್ಷದೊಳಗಿನ ಕೂಸಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರುವುದು ಸಹಜ ಎಂದು ಯಾರೂ ಹೇಳದಿದ್ದರೆ, ‘ದೊಡ್ಡವರಿಗೆ 72 ಇರಬೇಕು’ ಎಂದು ಶಾಲೆಯಲ್ಲಿ ಓದಿದ ಅಪ್ಪ 150 ಕಂಡು ಅಲ್ಲೇ ಕುಸಿಯುತ್ತಾನೆ. ಯಾವ ಗೆರೆ ಯಾವುದರದ್ದು, ಯಾವ ಅಂಕಿ ಎಲ್ಲಿಗೆ ಇಳಿದರೆ ತಾವು ಓಡಿ ಬರುತ್ತೇವೆ ಎಂದು ಸಿಸ್ಟರ್ ಒಮ್ಮೆ ಬೆರಳಿಟ್ಟು ತೋರಿಸಿದರೆ ಸಾಕು. ಎಷ್ಟೋ ಕಡೆ ತೋರಿಸುತ್ತಾರೆ. ತೋರಿಸದ ಕಡೆ ಕೇಳಿದರೆ ತಪ್ಪೇನಿಲ್ಲ.

ಆದರೆ ನಲವತ್ತು ವರ್ಷಗಳಿಂದ ಸಂಶೋಧಕರು ಗಮನಿಸಿಕೊಂಡು ಬಂದಿರುವುದು ಬೇರೆಯದೇ ವಿಷಯ. 1980ರ ದಶಕದಲ್ಲಿ ಅಮೆರಿಕದ ನರ್ಸಿಂಗ್ ಸಂಶೋಧಕಿಯರಾದ ಮಾರ್ಗರೆಟ್ ಮೈಲ್ಸ್ ಮತ್ತು ಮೆಲ್ಬಾ ಕಾರ್ಟರ್, ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಪೋಷಕರನ್ನು ಹಿಂಡುವುದು ಯಾವುದು ಎಂದು ಅಳೆಯಲು ಪ್ರಶ್ನಾವಳಿಯೊಂದನ್ನು ರೂಪಿಸಿದರು. ಯಂತ್ರಗಳ ಸದ್ದು, ಸೂಜಿ, ಮಗುವಿನ ಬದಲಾದ ರೂಪ, ಸಿಬ್ಬಂದಿಯ ಮಾತು, ಎಲ್ಲವೂ ಅದರಲ್ಲಿದ್ದವು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅದನ್ನೇ ಬಳಸಿ ಕೇಳಿದಾಗ ಮತ್ತೆ ಮತ್ತೆ ಮೇಲೆ ಬಂದ ನೋವು ಒಂದೇ: ‘ನನ್ನ ಮಗುವಿಗೆ ನಾನು ಏನೂ ಮಾಡಲಾಗುತ್ತಿಲ್ಲ.’ ಉಣಿಸುವುದು, ತೊಳೆಯುವುದು, ಎತ್ತಿಕೊಳ್ಳುವುದು, ಅತ್ತರೆ ಸುಮ್ಮನಾಗಿಸುವುದು ಎಲ್ಲವೂ ಬೇರೆಯವರ ಪಾಲಾಗಿ, ಹೆತ್ತವರು ಸ್ಟೂಲಿನ ಮೇಲೆ ಕೂತ ಪ್ರೇಕ್ಷಕರಾಗುತ್ತಾರೆ.

ಹಾಗಾದರೆ ಮದ್ದು? ಬರ್ನಡೆಟ್ ಮೆಲ್ನಿಕ್ ಎಂಬ ಇನ್ನೊಬ್ಬ ನರ್ಸಿಂಗ್ ಸಂಶೋಧಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರಿಂದ ಏಳು ವರ್ಷದ ಮಕ್ಕಳ 174 ತಾಯಂದಿರಿದ್ದರು. ಒಂದು ಗುಂಪಿಗೆ ಧ್ವನಿಮುದ್ರಿಕೆ ಮತ್ತು ಪುಸ್ತಿಕೆ ಕೊಟ್ಟರು. ಕಾಯಿಲೆಯಾದ ಮಗು ಹೇಗೆಲ್ಲ ವರ್ತಿಸಬಹುದು, ಯಾಕೆ ಹಟ ಮಾಡುತ್ತದೆ, ಮುಖ ತಿರುಗಿಸುತ್ತದೆ, ಅಂಥ ಹೊತ್ತಿನಲ್ಲಿ ಅಮ್ಮ ಏನು ಮಾಡಬಹುದು ಎಂಬುದಷ್ಟೇ ಅದರಲ್ಲಿತ್ತು. ಜೊತೆಗೆ ಮಗುವಿನೊಂದಿಗೆ ಮಾಡುವ ಕೆಲವು ಚಟುವಟಿಕೆ. ದುಬಾರಿ ಯಂತ್ರವಿಲ್ಲ, ಮನೋವೈದ್ಯರ ಪಡೆಯಿಲ್ಲ. ಆ ತಾಯಂದಿರು ಮಗುವಿನ ಆರೈಕೆಯಲ್ಲಿ ಹೆಚ್ಚು ತೊಡಗಿದರು, ಮನೆಗೆ ಹೋದ ಮೇಲೆ ಅವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ ಕಂಡವು. ವರ್ಷ ಕಳೆದ ಮೇಲೆ ಅವರ ಮಕ್ಕಳಲ್ಲೂ ನಡವಳಿಕೆಯ ತೊಂದರೆಗಳು ಕಡಿಮೆಯಿದ್ದವು. ಅಮ್ಮನಿಗೆ ಮಾಡಿದ ಉಪಚಾರ ಮಗುವಿಗೂ ತಾಗಿತ್ತು.

ಸಾಂತ್ವನದ ಮಾತಿಗಿಂತ ಒಂದು ಕೆಲಸ ಕೈಗಿತ್ತರೆ ಹೆತ್ತವರು ಗಟ್ಟಿಯಾಗಿ ನಿಲ್ಲುತ್ತಾರೆ ಎಂದು ನಾನು ನಂಬಿರುವುದು ಇಂಥ ಅಧ್ಯಯನಗಳನ್ನು ಓದಿದ್ದರಿಂದ ಮಾತ್ರವಲ್ಲ. ಡೆಂಗಿ ಎಚ್‌ಡಿಯು ಒಂದರಲ್ಲಿ ಕಂಡ ಒಂದು ನೋಟ್‌ಬುಕ್ಕಿನಿಂದಲೂ ಹೌದು. ಮಗನ ಶಾಲೆಯ ನಾಲ್ಕು ಗೆರೆಯ ಕಾಪಿ ಪುಸ್ತಕ ಅದು. ಮುಂದಿನ ಪುಟಗಳಲ್ಲಿ ಹುಡುಗನ ಕನ್ನಡ ಕಾಗುಣಿತ. ಹಿಂದಿನಿಂದ ತಿರುವಿದರೆ ಅಮ್ಮನ ಬರವಣಿಗೆ. ಎಡಕ್ಕೆ ‘ಕುಡಿದದ್ದು’, ಬಲಕ್ಕೆ ‘ಹೋದದ್ದು’. ಬೆಳಿಗ್ಗೆ ಆರೂವರೆಗೆ ಓಆರ್‌ಎಸ್ 50 ಎಂಎಲ್, ಏಳೂಕಾಲಿಗೆ ಎಳನೀರು 60, ಎಂಟಕ್ಕೆ ವಾಂತಿ, ಪಕ್ಕದಲ್ಲಿ ‘ಸ್ವಲ್ಪ’ ಎಂದು ಬರೆದು ಹೊಡೆದುಹಾಕಿ ‘ಸುಮಾರು ಎರಡು ಚಮಚ’. ಬಲಗಡೆ ಮೂತ್ರದ ಲೆಕ್ಕ. ಗೆರೆ ಎಳೆದ ಪ್ಲಾಸ್ಟಿಕ್ ಜಾರಿನಲ್ಲಿ ಹಿಡಿದು, ಬಗ್ಗಿ ಕಣ್ಣಳತೆಗೆ ತಂದು ನೋಡಿ ಬರೆದದ್ದು. ಸಿಸ್ಟರ್ ತಮ್ಮ ಚಾರ್ಟಿಗೆ ಇಳಿಸಿಕೊಳ್ಳುತ್ತಿದ್ದುದು ಅದೇ ಪುಸ್ತಕದಿಂದ. ‘ನೋಡಮ್ಮ, ಇವನ ತೂಕಕ್ಕೆ ಗಂಟೆಗೆ ಕನಿಷ್ಠ ಇಷ್ಟು ಬರಬೇಕು, ಕಡಿಮೆಯಾದ್ರೆ ತಕ್ಷಣ ಕರೀರಿ’ ಎಂದು ಅವರು ಹೇಳಿಕೊಟ್ಟಿದ್ದರು. ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧದಿಂದ ಒಂದು ಎಂಎಲ್ ಎಂಬುದು ಡೆಂಗಿ ಮಗುವಿನ ಆ ಲೆಕ್ಕ. ಡೈಪರ್ ಹಾಕುವ ಕೂಸಾದರೆ ಒದ್ದೆ ಡೈಪರಿನ ತೂಕದಲ್ಲಿ ಒಣ ಡೈಪರಿನ ತೂಕ ಕಳೆದರಾಯಿತು. ಒಂದು ಗ್ರಾಂ ಅಂದರೆ ಒಂದು ಎಂಎಲ್.

ಆಕೆ ಅಳುತ್ತಿರಲಿಲ್ಲ ಎಂದಲ್ಲ. ಅಳುತ್ತಲೇ ಬರೆಯುತ್ತಿದ್ದಳು. ಆದರೆ ಡಾಕ್ಟರು ಬಂದಾಗ ‘ಎಷ್ಟು ಪರ್ಸೆಂಟ್ ಹೋಪ್ ಇದೆ ಸಾರ್?’ ಎಂದು ಕೇಳಲಿಲ್ಲ. ‘ರಾತ್ರಿ ಎರಡರಿಂದ ಐದರವರೆಗೆ ಉಚ್ಚೆ ಕಮ್ಮಿ ಇತ್ತು ಸಾರ್, ಆಮೇಲೆ ಸರಿಹೋಯ್ತು’ ಎಂದಳು. ಡಾಕ್ಟರೂ ಪಕ್ಕಕ್ಕೆ ತಿರುಗಿ ಅವಳಿಗೇ ಉತ್ತರ ಹೇಳಿದರು.

ಮರುದಿನ ಡ್ರಿಪ್ ನಿಲ್ಲಿಸಿದಾಗಿನ ಗದ್ದಲವನ್ನೂ ಹೇಳಬೇಕು. ಸೋರಿಕೆ ನಿಂತ ಮೇಲೆ ಹೊರಗೆ ಹೋದ ನೀರು ತಾನೇ ರಕ್ತನಾಳಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಹರಿಸುತ್ತಿದ್ದರೆ ಅದೇ ಅಪಾಯ. ಇದು ಗೊತ್ತಿಲ್ಲದ ನೆಂಟರು ‘ದುಡ್ಡು ಕಟ್ಟಿಲ್ಲ ಅಂತ ಡ್ರಿಪ್ ಕಿತ್ತಾಕಿದ್ರಾ?’ ಎಂದು ಕೂಗಾಡುವುದನ್ನು ಯಾವ ಆಸ್ಪತ್ರೆಯ ಕಾರಿಡಾರಿನಲ್ಲಾದರೂ ಕೇಳಬಹುದು. ಪ್ಲೇಟ್‌ಲೆಟ್ ಕಥೆಯೂ ಅಷ್ಟೇ. ರಕ್ತಸ್ರಾವವಿಲ್ಲದೆ ಬರೀ ಎಣಿಕೆ ಇಳಿದಿದೆ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡುವುದಿಲ್ಲ. ಆದರೆ ಹೊರಗೆ ಕೂತ ಸೋದರಮಾವನಿಗೆ ಗೊತ್ತಿರುವ ಅಂಕಿ ಅದೊಂದೇ.

ಹೆತ್ತವರ ಕೈಗೆ ಕೆಲಸ ಕೊಡಬೇಕೆಂದರೆ ಮೊದಲು ಅವರನ್ನು ಒಳಗೆ ಬಿಡಬೇಕು. ತಾಯಿಯನ್ನು ಮಗುವಿನಿಂದ ದೂರ ಇಡುವುದೇ ವೈದ್ಯಕೀಯ ಶಿಸ್ತು ಎಂದು ಪಶ್ಚಿಮದ ಆಸ್ಪತ್ರೆಗಳು ಬಹುಕಾಲ ನಂಬಿದ್ದವು. ಕೆಲವು ಕಡೆ ವಾರಕ್ಕೊಮ್ಮೆ ಭೇಟಿ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಿತ್ರ ತೋರಿಸಿದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ಎರಡು ವರ್ಷ ದಾಟಿದ ಹುಡುಗಿ ದಿನದಿಂದ ದಿನಕ್ಕೆ ಹೇಗೆ ಮಂಕಾಗುತ್ತಾಳೆ ಎಂಬುದಷ್ಟೇ ಅದರಲ್ಲಿತ್ತು. ವೈದ್ಯರಿಗೆ ಕೋಪ ಬಂತು. ಆದರೂ 1959ರಲ್ಲಿ ಅಲ್ಲಿನ ಸರ್ಕಾರದ ಸರ್ ಹ್ಯಾರಿ ಪ್ಲಾಟ್ ಸಮಿತಿ, ಹೆತ್ತವರಿಗೆ ಯಾವ ಹೊತ್ತಿನಲ್ಲೂ ಪ್ರವೇಶವಿರಲಿ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲು ಅವಕಾಶವಿರಲಿ ಎಂದು ಶಿಫಾರಸು ಮಾಡಿತು. ವರದಿ ಕಪಾಟಿನಲ್ಲೇ ಕೂರಬಾರದೆಂದು 1961ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಬಡಾವಣೆಯ ತಾಯಂದಿರು ಸಂಘ ಕಟ್ಟಿಕೊಂಡು ಆಸ್ಪತ್ರೆಗಳ ಬೆನ್ನುಬಿದ್ದರು.

ನಮ್ಮ ಕಥೆ ಉಲ್ಟಾ. ವಾರ್ಡಿನಲ್ಲಿ ಅಮ್ಮ ಮಂಚದ ಕೆಳಗೇ ಚಾಪೆ ಹಾಸಿ ಮಲಗುತ್ತಾಳೆ, ಅಪ್ಪ ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುತ್ತಾನೆ. ಅರ್ಧ ಆಸ್ಪತ್ರೆ ನಡೆಯುವುದೇ ಮನೆಯವರಿಂದ. ಆದರೆ ಎಚ್‌ಡಿಯು, ಐಸಿಯುಗಳ ಗಾಜಿನ ಬಾಗಿಲು ಬಂದ ಕೂಡಲೇ ‘ಇನ್ಫೆಕ್ಷನ್ ಆಗುತ್ತೆ, ಆಚೆ ಇರಿ’. ಈ ಆಕ್ಷೇಪ ಹುಸಿಯಲ್ಲ, ಸೋಂಕು ನಿಜಕ್ಕೂ ದೊಡ್ಡ ಶತ್ರು. ಹಾಗಾಗಿಯೇ ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ನಡೆದ ಪ್ರಯೋಗಕ್ಕೆ ಬೆಲೆ. ಕೈ ತೊಳೆಯುವುದು, ಶುಚಿ ಮಾಡುವುದು, ಹಾಲುಣಿಸುವುದು, ಅಪಾಯದ ಲಕ್ಷಣ ಗುರುತಿಸುವುದು ಎಲ್ಲವನ್ನೂ ಹೇಳಿಕೊಟ್ಟು ಮನೆಯವರನ್ನು ಒಳಗೆ ಬಿಟ್ಟರು. 295 ಶಿಶುಗಳ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ಬರೀ ತಾಯಿಹಾಲು ಕುಡಿಯುವ ಶಿಶುಗಳ ಪ್ರಮಾಣ ಏರಿತು. ಅದೇ ವರ್ಷ ಕೇಂದ್ರ ಸರ್ಕಾರ ಜಿಲ್ಲಾ ಮಟ್ಟದ ನವಜಾತ ಶಿಶು ಘಟಕಗಳಿಗೆ ಕುಟುಂಬವನ್ನು ಒಳಗೊಳ್ಳುವ ಆರೈಕೆಯ ಮಾರ್ಗಸೂಚಿ ಹೊರಡಿಸಿತು. ದೆಹಲಿಯದೇ ಸಫ್ದರ್‌ಜಂಗ್ ಆಸ್ಪತ್ರೆಯೂ ಪಾಲ್ಗೊಂಡ, ಐದು ದೇಶಗಳ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. ತೀರಾ ಕಡಿಮೆ ತೂಕದ ಶಿಶುವನ್ನು ಹುಟ್ಟಿದ ಕೂಡಲೇ ಅಮ್ಮನ ಎದೆಗೆ ಕಟ್ಟಿ, ಅಮ್ಮನಿಗೂ ಶಿಶು ಘಟಕದೊಳಗೇ ಹಾಸಿಗೆ ಹಾಕಿದರು. ಸಾವಿನ ಪ್ರಮಾಣ ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ಹಸುಗೂಸಿನ ಘಟಕದಲ್ಲಿ ಆದದ್ದು ಐದು ವರ್ಷದ ಮಗುವಿನ ಎಚ್‌ಡಿಯುನಲ್ಲಿ ಯಾಕಾಗದು ಎಂಬುದಕ್ಕೆ ನನಗಂತೂ ಸರಿಯಾದ ಕಾರಣ ಸಿಕ್ಕಿಲ್ಲ, ಜಾಗ ಸಾಲದು ಎಂಬುದೊಂದನ್ನು ಬಿಟ್ಟರೆ.

ಒಳಗೆ ಬಿಡುವುದರಿಂದ ಇನ್ನೊಂದು ಲಾಭವಿದೆ. ಹೆತ್ತವರ ಕಣ್ಣೂ ಒಂದು ಮಾನಿಟರ್ರೇ. ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ತೀರಿಕೊಂಡಳು. ಮಗಳ ಸ್ಥಿತಿ ಹದಗೆಡುತ್ತಿದೆ ಎಂದು ತಾಯಿ ಮೆರೊಪ್ ಮಿಲ್ಸ್ ಹೇಳುತ್ತಲೇ ಇದ್ದರು. ಅವಳನ್ನು ಐಸಿಯುಗೆ ಸಕಾಲದಲ್ಲಿ ಸೇರಿಸಲಿಲ್ಲ. ಪತ್ರಕರ್ತೆಯಾದ ಆ ತಾಯಿಯ ಹೋರಾಟದ ಫಲವಾಗಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ‘ಮಾರ್ಥಾ ರೂಲ್’ ಜಾರಿಗೆ ಬರುತ್ತಿದೆ. ಆತಂಕವಿದ್ದರೆ ಮನೆಯವರೇ ಹಗಲಿರುಳು ಯಾವಾಗ ಬೇಕಾದರೂ ಬೇರೊಂದು ತಂಡದಿಂದ ತುರ್ತು ಪರಿಶೀಲನೆ ಕೇಳಬಹುದು. ಮೆಲ್ಬರ್ನ್‌ನ ಮೊನಾಶ್ ಮಕ್ಕಳ ಆಸ್ಪತ್ರೆಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಮಗುವಿನ ಸ್ಥಿತಿ ಕೆಡುತ್ತಿದೆ ಅನ್ನಿಸುತ್ತಿದೆಯೇ?’ ಎಂದು ಪೋಷಕರನ್ನು ಕೇಳುವುದನ್ನೇ ರೂಢಿ ಮಾಡಿಕೊಂಡರು. ‘ಹೌದು’ ಎಂಬ ಉತ್ತರಕ್ಕೂ ಐಸಿಯು ಸೇರುವುದಕ್ಕೂ ಇದ್ದ ನಂಟು, ನಾಡಿ ಉಸಿರಾಟಗಳ ಏರುಪೇರಿಗಿಂತ ಗಟ್ಟಿಯಾಗಿತ್ತು. ನಮ್ಮ ಅಮ್ಮಂದಿರು ‘ಯಾಕೋ ಇವನು ಎಂದಿನಂತಿಲ್ಲ ಸಿಸ್ಟರ್’ ಅನ್ನುತ್ತಾರಲ್ಲ, ಆ ಮಾತನ್ನು ಚಾರ್ಟಿನಲ್ಲಿ ಬರೆಯುವ ಒಂದು ಕಲಂ ಬೇಕಾಗಿದೆ.

ಇನ್ನು ಬಾಗಿಲ ಹೊರಗಿನ ಲೋಕ. ಇಲ್ಲಿ ನನ್ನ ಸಲಹೆ ಸ್ವಲ್ಪ ಒರಟು: ಬಂದು ಅಳಬೇಡಿ, ಬಂದು ಬೈಯಲೂಬೇಡಿ. ‘ಮೊನ್ನೆ ಐಸ್‌ಕ್ರೀಂ ಕೊಡಿಸಿದ್ದೇ ತಪ್ಪು’, ‘ಮೊದಲೇ ತೋರಿಸಬಾರದಿತ್ತಾ?’ ಎಂಬ ಮಾತು ಬಹುತೇಕ ಅಮ್ಮನಿಗೇ ಬೀಳುತ್ತದೆ, ಅದೂ ಅತ್ತೆಯ ಮನೆಯ ಕಡೆಯಿಂದ. ಪಪಾಯ ಎಲೆಯ ರಸವನ್ನು ಬಾಟಲಿಯಲ್ಲಿ ತಂದು ‘ಡಾಕ್ಟರಿಗೆ ಗೊತ್ತಾಗದ ಹಾಗೆ ಎರಡು ಚಮಚ’ ಎನ್ನುವ ಹಿತೈಷಿಗಳೂ ಇದ್ದಾರೆ. ವಾಂತಿಯೇ ಅಪಾಯದ ಲಕ್ಷಣವಾಗಿರುವ ಕಾಯಿಲೆಯಲ್ಲಿ ಆ ಕಹಿ ರಸ ಕುಡಿಸಿ ವಾಂತಿಯಾದರೆ, ಕಾರಣ ಯಾವುದೆಂದು ವೈದ್ಯರು ತಲೆ ಕೆಡಿಸಿಕೊಳ್ಳಬೇಕು.

ನೆರವಾಗಬೇಕೆನ್ನುವವರಿಗೆ ಕೆಲಸ ಬೇಕಾದಷ್ಟಿದೆ. ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನು ಶಾಲೆಗೆ ಬಿಟ್ಟು ಕರೆತರುವುದು. ಫೋನಿಗೆ ಉತ್ತರ ಹೇಳಲು ಒಬ್ಬರೇ ನಿಲ್ಲುವುದು: ದಿನಕ್ಕೊಮ್ಮೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಚಿಕ್ಕಪ್ಪನೋ ಅತ್ತಿಗೆಯೋ ನಾಲ್ಕು ಸಾಲು ಹಾಕಿದರೆ, ಅಮ್ಮ ಒಂದೇ ಕಥೆಯನ್ನು ಇಪ್ಪತ್ತು ಸಲ ಹೇಳಬೇಕಿಲ್ಲ. ‘ಏನಾದ್ರೂ ಬೇಕಿದ್ರೆ ಹೇಳು’ ಅನ್ನಬೇಡಿ, ಅವರು ಹೇಳುವುದಿಲ್ಲ. ಚಿತ್ರಾನ್ನದ ಡಬ್ಬಿ, ಮೊಬೈಲ್ ಚಾರ್ಜರ್, ಬದಲಿಸಲು ಒಂದು ನೈಟಿ, ಹವಾಯಿ ಚಪ್ಪಲಿ, ಪಾರ್ಕಿಂಗ್ ಚೀಟಿಗೆ ಚಿಲ್ಲರೆ, ಇವನ್ನು ಕೇಳದೆಯೇ ತನ್ನಿ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಎಲ್ಲಿದೆ ಎಂದು ತೋರಿಸಿ. 2017ರಲ್ಲಿ ಅದು ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಎಂದು ಶುರುವಾದದ್ದೇ ಇಂಥವರಿಗಾಗಿ.

ಹಣದ ಕಾಗದಪತ್ರ ಓಡಾಡುವವರು ಒಬ್ಬರಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಆಧಾರ್, ರೇಷನ್ ಕಾರ್ಡು ಹಿಡಿದು ಆರೋಗ್ಯಮಿತ್ರರ ಕೌಂಟರಿಗೆ ಮೊದಲ ದಿನವೇ ಹೋಗುವುದು ಒಳ್ಳೆಯದು. ಬಿಲ್ ಆದ ಮೇಲೆ ಹೋದರೆ ತಕರಾರು ಶುರು. ಈ ಓಡಾಟವೆಲ್ಲ ಈಗ ಅಪ್ಪನ ತಲೆಯ ಮೇಲೆ ಬೀಳುತ್ತದೆ. ಒಳಗೆ ‘ಹೆಂಗಸರಿಗೆ ಮಾತ್ರ’ ಎಂಬ ಬೋರ್ಡು, ಪಾಸು ಒಂದೇ, ಅದು ಅಮ್ಮನ ಬಳಿ. ಅವನು ಫಾರ್ಮಸಿ, ಬ್ಲಡ್ ಬ್ಯಾಂಕ್, ಎಟಿಎಂ ಸುತ್ತಿ ರಾತ್ರಿ ಬೈಕಿನ ಪಕ್ಕ ಪೇಪರ್ ಹಾಸಿ ಮಲಗುತ್ತಾನೆ. ಮಗುವನ್ನು ನೋಡುವುದು ಗಾಜಿನಾಚೆಯಿಂದ ಎರಡು ನಿಮಿಷ. ಕೇಳಿದರೆ ‘ನಾನು ಸರಿ ಇದೀನಿ, ಅವಳನ್ನ ನೋಡ್ಕೊಳ್ಳಿ’ ಅನ್ನುತ್ತಾನೆ. ದಿನಕ್ಕೆ ಒಂದು ಗಂಟೆ ಪಾಸು ಅದಲುಬದಲು ಮಾಡಿ ಅವನನ್ನೂ ಒಳಗೆ ಕಳಿಸಿದರೆ, ಅಮ್ಮನಿಗೆ ಸ್ನಾನವಾದೀತು, ಅವನ ಕೈಗೂ ಮಗುವಿನ ಕಾಲು ಸಿಕ್ಕೀತು.

ವೈದ್ಯರ ಜೊತೆ ಮಾತಾಡುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಲೇಸು. ಎದುರಿಗೆ ನಿಂತಾಗ ಎಲ್ಲವೂ ಮರೆತುಹೋಗುತ್ತದೆ. ‘ಇವತ್ತು ನೀವು ಯಾವುದನ್ನು ಕಾಯ್ತಾ ಇದ್ದೀರಿ?’, ‘ಯಾವುದು ಸರಿಹೋದರೆ ವಾರ್ಡಿಗೆ ಕಳಿಸ್ತೀರಿ?’ ಎಂಬ ಎರಡು ಪ್ರಶ್ನೆ ಪರ್ಸೆಂಟಿನ ಪ್ರಶ್ನೆಗಿಂತ ಹೆಚ್ಚು ತಿಳಿಸುತ್ತವೆ. ಮಾಹಿತಿ ಕೇಳುವುದು ದಾಕ್ಷಿಣ್ಯದ ವಿಷಯವಲ್ಲ. ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲೇ ರೋಗಿಗಳ ಹಕ್ಕುಗಳ ಪಟ್ಟಿ ಸೇರಿದೆ. ಮಗುವಿಗೂ ನಿಜ ಹೇಳಿ. ‘ಸೂಜಿ ಚುಚ್ಚಲ್ಲ ಪುಟ್ಟ’ ಎಂದು ನಂಬಿಸಿ ಚುಚ್ಚಿಸಿದರೆ, ಮುಂದಿನ ಸಲ ಸಿಸ್ಟರ್ ಹಾಲು ತಂದರೂ ಅದು ಕಿರುಚುತ್ತದೆ.

ವಾರ್ಡಿಗೆ ಕಳಿಸುವ ದಿನ ಸಂತೋಷದ್ದೇ ಆಗಬೇಕು, ಆದರೆ ಎಷ್ಟೋ ಅಮ್ಮಂದಿರಿಗೆ ಅದು ಮತ್ತೊಂದು ದಿಗಿಲು. ನಿನ್ನೆಯವರೆಗೆ ಬೈದುಕೊಂಡಿದ್ದ ಮಾನಿಟರ್ ಈಗಿಲ್ಲ, ಕೂಗಿದರೆ ಬರುವ ನರ್ಸ್ ದೂರ. ಹಿಂದಿನ ದಿನವೇ ಕೆಲವು ಗಂಟೆ ಅಲಾರಾಮಿನ ಕಣ್ಗಾವಲಿಲ್ಲದೆ ಇರಿಸಿ, ‘ನೋಡಿ, ಅದಿಲ್ಲದೆಯೂ ಇದ್ದಾನೆ’ ಎಂದು ತೋರಿಸುವ ಜಾಣ ಸಿಸ್ಟರುಗಳಿದ್ದಾರೆ.

ಮನೆಗೆ ಬಂದ ಮೇಲೂ ಎಲ್ಲವೂ ಮುಗಿಯುವುದಿಲ್ಲ. ಮಗು ಆಡಿಕೊಂಡಿರುತ್ತದೆ, ಅಮ್ಮ ರಾತ್ರಿ ಎದ್ದೆದ್ದು ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಾಳೆ. ಆ್ಯಂಬುಲೆನ್ಸ್ ಸದ್ದಿಗೆ ಅಪ್ಪನ ಕೈ ನಡುಗುತ್ತದೆ. ಮಕ್ಕಳ ತೀವ್ರ ನಿಗಾ ಘಟಕ ಕಂಡು ಬಂದ ಪೋಷಕರ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2012ರ ವಿಮರ್ಶೆಯೊಂದು, ಅವರಲ್ಲಿ ಶೇ 10.5ರಿಂದ 21ರಷ್ಟು ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತೆಂದು ಹೇಳುತ್ತದೆ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಅದೇ ದೃಶ್ಯ ಕಣ್ಣಮುಂದೆ ಬರುತ್ತಿದ್ದರೆ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಉಸ್ತುವಾರಿಯಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಮಗುವಿನ ಔಷಧಿ ಇರುತ್ತದೆ, ರಿವ್ಯೂ ದಿನಾಂಕ ಇರುತ್ತದೆ. ಆ ದಿನ ಅಪ್ಪನೂ ರಜೆ ಹಾಕಿ ಜೊತೆಗೆ ಹೋಗಲಿ. ಎಚ್‌ಡಿಯುನ ಹೊರಗೆ ನಿಂತು ಅವನು ಕೇಳಿಸಿಕೊಂಡದ್ದೆಲ್ಲ ಅರ್ಧರ್ಧ ಮಾತು, ಅದೂ ಫಾರ್ಮಸಿ ಚೀಟಿ ಹಿಡಿದು ಓಡುವಾಗ. ಏನಾಗಿತ್ತು, ಮತ್ತೆ ಆಗುತ್ತದೆಯೇ, ಸೊಳ್ಳೆಪರದೆ ಬಿಟ್ಟರೆ ಇನ್ನೇನು ಮಾಡಬೇಕು ಎಂದು ಕೂತು ಕೇಳಲು ಅವನಿಗೆ ಸಿಗುವ ಮೊದಲ ಅವಕಾಶ ಆ ಓಪಿಡಿಯ ಹತ್ತು ನಿಮಿಷ.